ಹದಿನಾರನೆಯ ಲಕೋಟೆ

ಕಚೇರಿಯಲ್ಲಿ ದಿನಕ್ಕೆ ಇನ್ನೂರು ಲಕೋಟೆ ಒಡೆಯುವುದು ನನ್ನ ಉದ್ಯೋಗ. (ವಿಮಾ ಕಂಪನಿಯ ಟಪಾಲು ವಿಭಾಗ. ಹುದ್ದೆಯ ಹೆಸರು ಉದ್ದ, ಸಂಬಳ ಗಿಡ್ಡ.) ಇಂಥವನು ಮನೆಗೆ ಬಂದು ಮತ್ತೆ ಲಕೋಟೆಗಳನ್ನೇ ಮುದ್ದಿಸುತ್ತ ಕೂರುತ್ತಾನೆಂದರೆ ತಲೆ ನೆಟ್ಟಗಿದೆಯೇ ಎಂದು ಹೆಂಡತಿ ಮದುವೆಯಾದ ಎಂಟನೆಯ ದಿನ ಕೇಳಿದಳು. ಎರಡು ವರ್ಷವಾಯಿತು, ಉತ್ತರ ಇನ್ನೂ ಹೊಳೆದಿಲ್ಲ.

ಹಾಗೆಂದು ಸಿಕ್ಕಸಿಕ್ಕ ಲಕೋಟೆಯನ್ನೆಲ್ಲ ಕೂಡಿಡುವವನಲ್ಲ ನಾನು. ಹಿಂದೆ ಬ್ರಿಟಿಷರ ವಸಾಹತಾಗಿದ್ದ ಒಂದು ಪುಟ್ಟ ದ್ವೀಪದಿಂದ ಹಾರಿಬಂದ ಹಳೆಯ ವಿಮಾನ ಅಂಚೆ ಮಾತ್ರ. ಎಡಗಡೆ ನೀಲಿ ಚೀಟಿ, ಮೂಲೆಯಲ್ಲಿ ರಾಜನ ಮುಖ, ಅವನ ಮೂಗಿನ ಮೇಲೆ ದುಂಡನೆಯ ಅಂಚೆ ಮುದ್ರೆ. ಯಾವ ದೊರೆ ಯಾರಿಗೆ ಏನು ಬರೆದ ಎಂಬ ಉಸಾಬರಿ ನಮಗೆ ಬೇಡ. ಯಾವ ದಿನ ಹೊರಟಿತು, ಯಾವ ದಿನ ಮುಟ್ಟಿತು, ನಡುವೆ ಎಲ್ಲಿ ನೆನೆಯಿತು, ಇಷ್ಟೇ ನಮ್ಮ ವೇದಾಂತ. ಒಳಗಿನ ಕಾಗದ ಓದುವವನನ್ನು ನಮ್ಮ ಅಂಚೆ ಸಂಗ್ರಾಹಕರ ಸಂಘದಲ್ಲಿ ತುಸು ಹಗುರವಾಗಿಯೇ ನೋಡುತ್ತಾರೆ.

ಇಂಥ ಹದಿನೈದು ಲಕೋಟೆಗಳು ನಮ್ಮ ಹಿಂದಿನ ಕೋಣೆಯನ್ನು ಆಕ್ರಮಿಸಿದ್ದವು. (ಹದಿನೈದಕ್ಕೆ ಒಂದು ಕೋಣೆಯೇ ಎನ್ನುವವರಿಗೆ ತೇವದ ಪರಿಚಯವಿಲ್ಲ.) ಹೆಂಡತಿಗೆ ಬೇಕಾಗಿದ್ದೂ ಅದೇ ಕೋಣೆ, ಹೊಲಿಗೆ ತರಗತಿ ಶುರುಮಾಡಲು.

"ಅಟ್ಟದ ಮೇಲೆ ಹಾಕ್ರಿ ಅವನ್ನ."

"ಅಟ್ಟಾನಾ? ಅಲ್ಲಿ ಸೋರುತ್ತೆ ಕಣೇ! ರಾಜನಿಗೆ ಬೂಷ್ಟು ಹಿಡಿಯುತ್ತೆ!"

"ಹಿಡೀಲಿ. ಅವನು ಸತ್ತು ಎಷ್ಟು ಕಾಲ ಆಯ್ತು."

"ನಿನಗೆ ಇತಿಹಾಸ ಗೊತ್ತಿಲ್ಲ."

"ನಿಮಗೆ ಇವತ್ತು ಯಾವ ವಾರ ಅಂತ ಗೊತ್ತಿಲ್ಲ. ಆರು ಜನ ಹುಡುಗೀರು ಹೆಸರು ಕೊಟ್ಟಿದ್ದಾರೆ. ಅವರನ್ನ ಎಲ್ಲಿ ಕೂರಿಸ್ಲಿ, ನಿಮ್ಮ ರಾಜನ ತಲೆ ಮೇಲಾ?"

ಈ ಮಹಾಯುದ್ಧ ಇತ್ಯರ್ಥವಾಗುವ ಮುನ್ನವೇ ಅವಳ ಅಕ್ಕನಿಗೆ ಹೆರಿಗೆ ಹತ್ತಿರವಾಯಿತು. ಅಕ್ಕ ಇರುವುದು ಅದೇ ದ್ವೀಪದಲ್ಲಿ. ಅಕ್ಕನ ಗಂಡ ಅಲ್ಲಿ ಶಾಲೆಯ ಮೇಷ್ಟ್ರು. (ಆ ವಿಳಾಸ ನೋಡಿಯೇ ನಾನು ಈ ಸಂಬಂಧಕ್ಕೆ ಹೂಂ ಅಂದೆನೆಂಬುದು ಹೆಂಡತಿಯ ಆರೋಪ. ಪೂರ್ತಿ ಸುಳ್ಳೆನ್ನಲಾರೆ.) ಎರಡು ತಿಂಗಳಿಗೆಂದು ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು:

"ಫೋನ್ ಮಾಡಿದ್ರೆ ಭೂತಗನ್ನಡಿ ಹಿಡ್ಕೊಂಡು ಹ್ಞೂಂ ಹ್ಞೂಂ ಅಂತೀರಿ. ಕೋಣೆ ವಿಷಯ ಕಾಗದದಲ್ಲೇ ಬರೀತೀನಿ. ಅದನ್ನಾದ್ರೂ ನೋಡ್ತೀರಿ."

ನೋಡಿದೆ. ಮೂರು ವಾರದ ಮೇಲೆ ಬಂದ ಆ ಲಕೋಟೆಯನ್ನು ನೋಡಿದವನೇ ಭೂತಗನ್ನಡಿ ಹಿಡಿದು ಕೂತೆ. ದ್ವೀಪಕ್ಕೆ ಸ್ವಾತಂತ್ರ್ಯ ಬಂದು ಅರ್ಧ ಶತಮಾನವಾದರೂ ಅಲ್ಲಿನ ಯಾವುದೋ ಮೂಲೆಯ ಅಂಚೆ ಕಚೇರಿಯಲ್ಲಿ ಕಿರೀಟವಿರುವ ಹಳೆಯ ಮುದ್ರೆಯನ್ನೇ ಇನ್ನೂ ಕುಟ್ಟುತ್ತಿದ್ದರು! ಹಿಂಬದಿಯಲ್ಲಿ ನಮ್ಮೂರಿನ ಮುದ್ರೆ, ಸರಿಯಾಗಿ ಅಂಟಿಸಿದ ಮಡಿಕೆಯ ಮೇಲೆ, ಅರ್ಧ ಆಚೆ, ಅರ್ಧ ಈಚೆ. ತೆರೆದರೆ ಮುದ್ರೆ ಎರಡು ಹೋಳು. ಬದಿಯಲ್ಲಿ ಕತ್ತರಿ ಆಡಿಸೋಣವೆಂದರೆ, ಕತ್ತರಿ ಬಿದ್ದ ಲಕೋಟೆಯನ್ನು ನಮ್ಮವರು ಕೈಯಿಂದಲೂ ಮುಟ್ಟುವುದಿಲ್ಲ. ಸಂಘದ ಪ್ರದರ್ಶನಕ್ಕೆ ಹತ್ತೇ ದಿನವಿತ್ತು. ಒಂದು ಚೌಕಟ್ಟಿಗೆ ಹದಿನಾರು ಹಾಳೆ, ಹಾಳೆಗೊಂದು ಲಕೋಟೆ ಇರಲೇಬೇಕೆಂಬುದು ನಿಯಮ. ನನ್ನಲ್ಲಿದ್ದದ್ದು ಹದಿನೈದು.

ಮಾರನೆಯ ದಿನ ಫೋನು.

"ಕಾಗದ ಬಂತಾ?"

"ಬಂತು ಬಂತು! ಅದ್ಭುತ!"

"ಓದಿದ್ರಾ?"

ಇಲ್ಲವೆಂದರೆ ಪ್ರಳಯ. "ಎರಡು ಸಲ" ಎಂದೆ.

"ನಾನು ಬರೆದಿದ್ದಕ್ಕೆ ಒಪ್ಪಿಗೆ ತಾನೆ?"

ಕೋಣೆ ಬಿಡಿ ಎಂದಲ್ಲದೆ ಇನ್ನೇನು ಬರೆದಿರುತ್ತಾಳೆ? ಬರಲು ಇನ್ನೂ ಒಂದು ತಿಂಗಳ ಮೇಲೇ ಇದೆ. ಅಷ್ಟರಲ್ಲಿ ಪದಕ ಬಂದುಬಿಟ್ಟರೆ, ಪದಕ ಗೆದ್ದ ಸಂಗ್ರಹವನ್ನು ಅಟ್ಟಕ್ಕೆ ಎಸೆಯಿರಿ ಎನ್ನಲು ಯಾರಿಗೆ ಬಾಯಿ ಬರುತ್ತದೆ?

"ಅಕ್ಷರ ಅಕ್ಷರಕ್ಕೂ ಒಪ್ಪಿಗೆ" ಎಂದೆ.

ಆ ಕಡೆ ಮೂಗೊರೆಸಿಕೊಂಡ ಸದ್ದು. "ನೀವು ಇಷ್ಟು ಒಳ್ಳೆಯವರು ಅಂತ ನನಗೆ ಗೊತ್ತೇ ಇರ್ಲಿಲ್ಲ ರೀ."

ನನಗೂ ಗೊತ್ತಿರಲಿಲ್ಲ.

ಪ್ರದರ್ಶನದ ದಿನ ತೀರ್ಪುಗಾರರು (ನಿವೃತ್ತ ಪೋಸ್ಟ್ ಮಾಸ್ಟರ್, ಕನ್ನಡಕದ ಮೇಲೊಂದು ಕನ್ನಡಕ) ಹದಿನಾರನೆಯ ಹಾಳೆಯ ಮುಂದೆ ಬಗ್ಗಿ ನಿಂತು, "ಭೇಷ್! ಮುದ್ರೆ ಒಂದು ಕೂದಲಷ್ಟೂ ಅಲುಗಿಲ್ಲ! ಬೆಳ್ಳಿ ಪದಕಕ್ಕೆ ಅಡ್ಡಿಯಿಲ್ಲ" ಎಂದರು. ಅವರ ಬೆನ್ನ ಹಿಂದಿನಿಂದ ಯಾರೋ ನಾನು ದುಂಡಗೆ ಬರೆದಂಟಿಸಿದ್ದ ವಿವರಣೆಯನ್ನು ಗಟ್ಟಿಯಾಗಿ ಓದತೊಡಗಿದರು:

"ಕಿರೀಟ ಮುದ್ರೆ. ಒಡೆಯದ ಲಕೋಟೆ. ಕಳಿಸಿದವರು: ಒಬ್ಬ ಮಹಿಳೆ. ಒಳಗಿನ ವಿಷಯ: ಗಮನಾರ್ಹವಲ್ಲ."

ತಿರುಗಿದೆ. ಆ ಒಬ್ಬ ಮಹಿಳೆಯೇ! ಕೈಯಲ್ಲಿ ಇನ್ನೂ ಪ್ರಯಾಣದ ಚೀಲ. ಅಕ್ಕನಿಗೆ ಬೇಗ ಹೆರಿಗೆಯಾಗಿ, ನನ್ನ ಅತ್ತೆಯವರು ಹೋಗಿ ಇವಳನ್ನು ಬಿಡಿಸಿ ಕಳಿಸಿದ್ದರಂತೆ. ಒಳ್ಳೆಯ ಗಂಡನಿಗೆ ಅಚ್ಚರಿ ಕೊಡಲು ಸೀದಾ ಇಲ್ಲಿಗೇ ಬಂದಿದ್ದಳು.

"ಎರಡು ಸಲ ಓದಿದ್ರಿ, ಅಲ್ವಾ?"

"ಅದು... ಹೊರಗಡೆಯಿಂದ..."

"ಒಡೀರಿ ಅದನ್ನ."

"ತಾಯೀ, ಒಡೆದರೆ ಪದಕ ಇಲ್ಲ" ಎಂದು ತೀರ್ಪುಗಾರರು ಅಡ್ಡಬಂದರು.

"ಹೌದಾ? ಹಾಗಾದ್ರೆ ಹೇಳ್ರಿ, ಪದಕಾನೋ, ಕಾಗದಾನೋ?"

ತಟ್ಟನೆ ಕಾಗದ ಎನ್ನಬೇಕಿತ್ತು. ನಾನು ಯೋಚಿಸಿದೆ. ಒಂದೇ ಕ್ಷಣ, ಪ್ರಮಾಣ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಅವಳು ಚೌಕಟ್ಟಿನ ಗಾಜು ಸರಿಸಿ, ಬಟ್ಟೆ ಹರಿಯುವ ಕೈಚಳಕದಲ್ಲಿ ಲಕೋಟೆಯನ್ನು ಚರ್ರೆಂದು ಮುದ್ರೆಯ ನಡುವಿಗೇ ಸೀಳಿ, ಎಲ್ಲರೆದುರು ಓದಿದಳು:

"ಇಲ್ಲಿಗೆ ಬಂದ ಮೇಲೆ ಯೋಚನೆ ಮಾಡಿದೆ. ಕೋಣೆ ನಿಮಗೇ ಇರಲಿ. ಇಡೀ ದಿನ ದುಡಿದು ಬರೋರಿಗೆ ಅದೊಂದೇ ಖುಷಿ. ನಾನು ಮಿಷನ್ನು ನಡುಮನೇಲೇ ಹಾಕ್ಕೋತೀನಿ, ಸ್ವಲ್ಪ ಗಲಾಟೆ ಆಗುತ್ತೆ, ಒಪ್ಪಿಗೇನಾ? ಈ ಕಿರೀಟದ ಮುದ್ರೆ ನಿಮಗಂತಲೇ ಎರಡು ಬಸ್ಸು ಬದಲಾಯಿಸಿ ಹೋಗಿ ಒತ್ತಿಸಿದ್ದೀನಿ."

ತೀರ್ಪುಗಾರರು ಎರಡೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿದರು. "ಹದಿನೈದೇ ಹಾಳೆ. ನಿಯಮಕ್ಕೆ ಸಾಲದು."

"ಎಷ್ಟು ಚೆನ್ನಾಗಿ ಬರೆದಿದ್ದೀಯೇ!" ಎಂದೆ ನಾನು, ಧೈರ್ಯ ತಂದುಕೊಂಡು. "ನೀನು ಹೇಳಿದ ಹಾಗೇ ಆಗಲಿ."

"ಏನಾಗೋದು ಹಾಗೇ? ನೀವು ಕಾಗದ ಒಡೆದೇ ಇಲ್ಲ. ಅಂದ್ಮೇಲೆ ನಾನು ಬರೆದೇ ಇಲ್ಲ."

ಈಗ ಅವಳು ನನಗೆ ಏನು ತಿಳಿಸಬೇಕಾದರೂ ಕಚೇರಿಯ ವಿಳಾಸಕ್ಕೆ ಪೋಸ್ಟ್ ಕಾರ್ಡ್ ಬರೆಯುತ್ತಾಳೆ. ಒಡೆಯುವ ತೊಂದರೆಯಿಲ್ಲ, ಟಪಾಲು ವಿಭಾಗದವರೆಲ್ಲ ಓದಿ ಮುಗಿಸಿಯೇ ನನ್ನ ಕೈಗಿಡುತ್ತಾರೆ. ಮೊದಲ ಕಾರ್ಡು ಮೂರನೆಯ ದಿನವೇ ಬಂತು. ಮುದ್ರೆಯ ಕಡೆ ಕಣ್ಣೆತ್ತಿಯೂ ನೋಡದೆ ನೇರವಾಗಿ ಒಕ್ಕಣೆಗೆ ಹೋದೆ. ಒಂದೇ ಸಾಲು:

"ಸಂಜೆ ಬರುವಾಗ ಅಟ್ಟ ಹತ್ತೋಕೆ ಏಣಿ ತನ್ನಿ."