ಪ್ಲೀಸ್ ಎಂಬ ಹೆಸರಿನ ಮದುಮಗಳು

ನಾನು ಯಾವುದನ್ನೂ ಸುಮ್ಮನೆ ನಂಬುವ ಮನುಷ್ಯನಲ್ಲ. ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮಾಡಿದಾಗಿನಿಂದ ಹತ್ತಿದ ಕಾಯಿಲೆ ಇದು. ದೇವರು, ಹವಾಮಾನ ವರದಿ, ತರಕಾರಿಯವನ ತಕ್ಕಡಿ ಎಲ್ಲವನ್ನೂ ಸಮಾನ ಅನುಮಾನದಿಂದ ನೋಡುತ್ತೇನೆ. ಆದರೆ ಎಲ್ಲಕ್ಕಿಂತ ಹೆಚ್ಚು ಅನುಮಾನ ನನ್ನ ನೆನಪಿನ ಮೇಲೆ. ಮನೆಗೆ ಬೀಗ ಹಾಕಿ ಬಳ್ಳಾರಿಯ ಕಂಟೋನ್ಮೆಂಟಿನ ತಿರುವು ದಾಟುವುದರೊಳಗೆ, ಹಾಕಿದೆನೋ ಇಲ್ಲವೋ ಎಂದು ತಿರುಗಿ ಬರುತ್ತೇನೆ. ಬೀಗ ಹಾಕಿಯೇ ಇರುತ್ತದೆ. ಕೀಲಿಕೈ ಮಾತ್ರ ಅದರಲ್ಲೇ ನೇತಾಡುತ್ತಿರುತ್ತದೆ.

ಇಂಥ ನಾನು ಒಂದೇ ಒಂದು ಸಲ ನನ್ನ ನೆನಪನ್ನು ಪೂರ್ತಿ ನಂಬಿಬಿಟ್ಟೆ. "ನನ್ನ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕೋ ಜಾಗ ಐತಿ" ಅಂದೆ.

ಅನ್ನಬಾರದಿತ್ತು.

ನನ್ನ ಹೆಂಡತಿ ಶಾರದಾ ಮನೆಯ ಮುಂದಿನ ಕೋಣೆಯಲ್ಲಿ ಕಸೂತಿ ಮೆಷಿನ್ ಇಟ್ಟುಕೊಂಡಿದ್ದಾಳೆ. ಕಂಪ್ಯೂಟರಿನಲ್ಲಿ ಡಿಸೈನ್ ಬರೆದು, ಪೆನ್‌ಡ್ರೈವಿಗೆ ಹಾಕಿ, ಮೆಷಿನ್ನಿಗೆ ಚುಚ್ಚಿದರೆ ಅದು ತನ್ನಷ್ಟಕ್ಕೆ ತಾನೇ ಬ್ಲೌಸಿನ ಮೇಲೆ ನವಿಲು, ಬಳ್ಳಿ, ಹೆಸರು ಎಲ್ಲ ಹೊಲಿಯುತ್ತದೆ. ಡಿಸೈನ್ ಬರೆಯುವ ಸಾಫ್ಟ್‌ವೇರ್ ಇರುವುದು ಒಂದು ಡಿಸ್ಕಿನಲ್ಲಿ. ಅದಕ್ಕೊಂದು ಹಟವಿದೆ. ಪ್ರತಿ ಸಲ ತೆರೆಯುವಾಗಲೂ ಆ ಡಿಸ್ಕ್ ಕಂಪ್ಯೂಟರಿನ ಹೊಟ್ಟೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ.

ಅವಳ ಹಳೆಯ ಕಂಪ್ಯೂಟರ್ ಸುಟ್ಟ ವಾಸನೆ ಬಿಟ್ಟು ಕಣ್ಣು ಮುಚ್ಚಿದ್ದು ಸರಿಯಾಗಿ ಕುರುಗೋಡಿನ ಬಸಮ್ಮನವರ ಮಗಳ ಮದುವೆ ಬ್ಲೌಸ್ ಬಂದಾಗ. ಮಗಳು ಸುಮಾ, ಅಳಿಯ ಸಿರುಗುಪ್ಪದ ವೀರೇಶ. ಬೆನ್ನಿನ ಮೇಲೆ ಇಬ್ಬರ ಹೆಸರೂ ಕನ್ನಡದಲ್ಲಿ ಬರಬೇಕು, ನಡುವೆ ನವಿಲು. ಬಟ್ಟೆ ಸೀರೆಯ ಜೊತೆಗೇ ಬಂದದ್ದು, ಕೆಟ್ಟರೆ ಇನ್ನೊಂದಿಲ್ಲ. ಬಸಮ್ಮನವರು ಒಪ್ಪಿದ ಬ್ಲೌಸನ್ನು ಕುರುಗೋಡಿನಲ್ಲಿ ಯಾರೂ ತಿರಸ್ಕರಿಸುವುದಿಲ್ಲ, ಅವರು ಮೂಗು ಮುರಿದ ಬ್ಲೌಸನ್ನು ಯಾರೂ ತೊಡುವುದಿಲ್ಲ. ಶಾರದಾಳ ಮೊದಲ ದೊಡ್ಡ ಗಿರಾಕಿ. ಮರುದಿನ ಬೆಳಿಗ್ಗೆಯೇ ಬರುವವರಿದ್ದರು.

ಆಗಲೇ ನಾನು ಆ ಮಾತು ಆಡಿದ್ದು.

"ನಿಮಗ ನೆನಪೈತೋ, ಇಲ್ಲಾ ಐತಿ ಅಂತ ಅನಸ್ತೈತೋ?" ಎಂದು ಶಾರದಾ ಕೇಳಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳೂ ಸ್ವಲ್ಪ ತತ್ವಶಾಸ್ತ್ರ ಕಲಿತಿದ್ದಾಳೆ.

ನಾನು ಲ್ಯಾಪ್‌ಟಾಪಿನ ಪಕ್ಕೆ ತೋರಿಸಿದೆ. ಉದ್ದನೆಯ ಸೀಳು, ಒತ್ತುವ ಗುಂಡಿ, ಎಲ್ಲ ಇತ್ತು. ಕಣ್ಣೆದುರಿನ ಸಾಕ್ಷಿ! ಅವಳಿಗೆ ಸಮಾಧಾನವಾಯಿತು. ಗಂಡಿನ ಮನೆಯವರಿಗೆ ಕಸೂತಿ ಹಾಕಿಟ್ಟ ಸೀರೆಗಳನ್ನು ಮುಟ್ಟಿಸಿ ಬರಲು ಅವಳು ಸಿರುಗುಪ್ಪಕ್ಕೆ ಹೋಗಬೇಕಿತ್ತು. ಹೋಗುವ ಮುಂಚೆ ಬ್ಲೌಸಿನ ಬಟ್ಟೆಯನ್ನು ಮೆಷಿನ್ನಿನ ಚೌಕಟ್ಟಿಗೆ ಬಿಗಿದು ಸಿದ್ಧ ಮಾಡಿಟ್ಟಳು, ಬಂದ ಕೂಡಲೇ ಕೆಲಸ ಶುರು ಮಾಡಲಿಕ್ಕೆ. ನನಗೆ ಕೊಟ್ಟ ಆಜ್ಞೆ ಒಂದೇ: ಸಾಫ್ಟ್‌ವೇರ್ ಹಾಕಿಡುವುದು. ಮೆಷಿನ್ ಮುಟ್ಟಬಾರದು ಎಂಬುದನ್ನು ಬಾಗಿಲಲ್ಲಿ ಒಮ್ಮೆ, ಗೇಟಿನಲ್ಲಿ ಒಮ್ಮೆ ಹೇಳಿದಳು.

ಡಿಸ್ಕ್ ತೆಗೆದುಕೊಂಡು ಗುಂಡಿ ಒತ್ತಿದೆ. ಬಾಯಿ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಶಾರದಾಳ ತಲೆಪಿನ್ನು ತಂದು ಪಕ್ಕದ ಸಣ್ಣ ತೂತಿಗೆ ಚುಚ್ಚಿದೆ. ಹಲ್ಲುನೋವಿನ ಮಗುವಿನ ಹಾಗೆ ಲ್ಯಾಪ್‌ಟಾಪು ಬಾಯಿ ಬಿಗಿದುಕೊಂಡೇ ಕೂತಿತು.

ಆಗ ಆದೋನಿಯ ರಾಮಾಂಜಿಗೆ ಫೋನು ಮಾಡಿದೆ. ಈ ಸಾಫ್ಟ್‌ವೇರ್ ಮಾರಿದವನು ಆತನೇ. ಯಾರಾದರೂ ಚಿತ್ರ ಕಳಿಸಿದರೆ ಅದನ್ನು ಹೊಲಿಗೆಯ ಡಿಸೈನ್ ಮಾಡಿ ವಾಪಸ್ ಕಳಿಸುವುದೂ ಆತನ ಕಸುಬು. ಕೈ ಬಲು ಚುರುಕು. ಆದರೆ ಕನ್ನಡ ಅಕ್ಷರ ಕೊಟ್ಟರೂ ತೆಲುಗಿನ ತಲೆಕಟ್ಟು ಹಾಕಿ ಕಳಿಸುತ್ತಾನೆ, ಅದಕ್ಕೇ ಶಾರದಾ ಹೆಸರುಗಳನ್ನು ತಾನೇ ಬರೆಯುವುದು. ಕುರುಗೋಡಿನ ಬ್ಲೌಸ್, ಸುಮಾ–ವೀರೇಶ, ನಾಳೆ ಬೆಳಿಗ್ಗೆಯೇ ಗಡುವು ಎಂದು ಆತನಿಗೆ ಎಲ್ಲ ವಿವರಿಸಿ, ಡಿಸ್ಕ್ ಒಳಗೆ ಹೋಗುತ್ತಿಲ್ಲ ಎಂದೆ.

"ಗಟ್ಟಿಗಾ ಪೆಟ್ಟಂಡಿ ಸಾರ್" ಅಂದ ರಾಮಾಂಜಿ.

ನಾನು ಧಾರವಾಡದ ಕಡೆಯವನು. ಬಳ್ಳಾರಿಗೆ ಅಳಿಯನಾಗಿ ಬಂದ ಮೇಲೆ ತೆಲುಗು ನನಗೆ ಬರುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ದೇವರನ್ನು ಅನುಮಾನಿಸಿದವನು ನನ್ನ ತೆಲುಗನ್ನು ಮಾತ್ರ ಅನುಮಾನಿಸಿರಲಿಲ್ಲ. ಗಟ್ಟಿ ಪೆಟ್ಟು! ಮೆಕ್ಯಾನಿಕ್‌ಗಳು ಟೀವಿಗೆ ಕೊಡುತ್ತಿದ್ದಂಥದ್ದೇ ಇರಬೇಕು. ಕೈ ಎತ್ತಿ ಲ್ಯಾಪ್‌ಟಾಪಿನ ಪಕ್ಕೆಗೆ ಒಂದು ಕೊಟ್ಟೆ. ಏನೂ ಆಗಲಿಲ್ಲ ಎಂದೆ. "ಇಂಕಾ ಗಟ್ಟಿಗಾ" ಎಂದ, ಇನ್ನೂ ಗಟ್ಟಿಯಾಗಿ. ಎರಡನೆಯದನ್ನು ಎಂ.ಎ. ಪದವಿ ಮರೆತು ಕೊಟ್ಟೆ.

ತೆಲುಗಿನಲ್ಲಿ ಪೆಟ್ಟು ಅಂದರೆ ಇಡು ಎಂದರ್ಥವಂತೆ.

ಲ್ಯಾಪ್‌ಟಾಪಿನ ಪಕ್ಕೆಯ ಪಟ್ಟಿ ಕಳಚಿ ಮಡಿಲಿಗೆ ಬಿತ್ತು. ಒಳಗೆ ಡಿಸ್ಕ್ ಡ್ರೈವ್ ಇರಲೇ ಇಲ್ಲ! ಅದರ ಜಾಗದಲ್ಲಿ ಇನ್ನೇನೋ ಚಪ್ಪಟೆ ಪೆಟ್ಟಿಗೆ ಸುಖವಾಗಿ ಮಲಗಿತ್ತು. ಕಳ್ಳತನವೇ ಎಂದುಕೊಂಡು, ಬ್ರೂಸ್‌ಪೇಟೆಯಲ್ಲಿ ನನ್ನ ಲ್ಯಾಪ್‌ಟಾಪ್ ರಿಪೇರಿ ಮಾಡುವ ಖಾಜಾನ ಅಂಗಡಿಗೆ ಅದನ್ನು ಹೊತ್ತು ಓಡಿದೆ.

ಖಾಜಾ ನನ್ನ ಆರೋಪವನ್ನು ಶಾಂತವಾಗಿ ಕೇಳಿದ. "ಸಾರ್, ನೀವ ಅಲ್ಲೇನ್ರಿ ಹೇಳಿದ್ದು? ಇನ್ನ ಸೀಡಿ ಯಾರ್ ಹಾಕ್ತಾರ, ಅದನ್ನ ಕಿತ್ತು ಇನ್ನೊಂದು ಹಾರ್ಡ್‌ಡಿಸ್ಕ್ ಹಾಕು ಅಂತ."

ಪುರಾವೆ ಕೇಳಿದೆ. ಕಿತ್ತ ಡ್ರೈವನ್ನು ಮನೆಗೆ ಒಯ್ಯಿರಿ ಎಂದರೆ, ಹಳೆಯ ವಸ್ತುಗಳ ಮೋಹ ಅವಿವೇಕ ಎಂದು ನಾನು ಅಂಗಡಿಯಲ್ಲಿ ನಿಂತು ಭಾಷಣ ಮಾಡಿದ್ದೆನಂತೆ. ಭಾಷಣದ ಧಾಟಿ ನನ್ನದೇ. ಒಪ್ಪಲೇಬೇಕಾಯಿತು.

ಖಾಜಾ ಒಳ್ಳೆಯವನು. ಅಂಗಡಿಯ ಕಂಪ್ಯೂಟರಿನಿಂದ ಡಿಸ್ಕಿನಲ್ಲಿದ್ದುದೆಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿಕೊಟ್ಟ. ಮನೆಗೆ ಬಂದು ಹಾಕಿದೆ. ಸಾಫ್ಟ್‌ವೇರ್ ಸರಾಗವಾಗಿ ಕೂತಿತು. ಗೆದ್ದೆ ಎಂದು ತೆರೆದೆ. ಪರದೆಯ ನಡುವೆ ಹಳದಿ ತ್ರಿಕೋನ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ, ಪಕ್ಕದಲ್ಲಿ ಇಂಗ್ಲಿಷಿನಲ್ಲಿ 'ಪ್ಲೀಸ್ ಇನ್‌ಸರ್ಟ್ ಡಿಸ್ಕ್'. ಅಂದರೆ, ದಯವಿಟ್ಟು ಡಿಸ್ಕ್ ಹಾಕಿ. ಓಕೆ ಒತ್ತಿದೆ. ಮತ್ತೆ ಅದೇ. ಡಿಸ್ಕನ್ನು ಕೀಬೋರ್ಡಿನ ಮೇಲೆ ಇಟ್ಟೆ. ಕ್ಯಾಮೆರಾದ ಎದುರು ಹಿಡಿದು, ನೋಡು, ಇದೆಯಲ್ಲ ಎಂದು ತೋರಿಸಿದೆ. ಅದೂ ನನ್ನ ಹಾಗೇ, ಕಂಡದ್ದನ್ನೂ ನಂಬುವ ಜಾತಿಯದಲ್ಲ.

ಕೊನೆಗೆ ಪರದೆಯ ಫೋಟೊ ತೆಗೆದು ರಾಮಾಂಜಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಕೆಳಗೆ ಬರೆದೆ: "ಕುರುಗೋಡು ಬ್ಲೌಸ್. ಇದನ್ನು ಮಾಡಿಕೊಡು. ಅರ್ಜೆಂಟ್."

ಆತನಿಂದ ಸಂಜೆಯೊಳಗೆ ಉತ್ತರ ಬಂತು. "ಅಯಿಪೋಯಿಂದಿ ಸಾರ್." ಆಯಿತು ಎಂದು. ಜೊತೆಗೆ ಒಂದು ಫೈಲು, ಅದರ ಹೆಸರೇ ಕುರುಗೋಡು ಬ್ಲೌಸ್!

ಪಾಪ, ನನ್ನ ಕಷ್ಟ ನೋಡಲಾರದೆ ಹೆಸರಿನ ಡಿಸೈನನ್ನೇ ಮಾಡಿ ಕಳಿಸಿದ್ದಾನೆ ಎಂದುಕೊಂಡೆ. ಹೃದಯ ತುಂಬಿ ಬಂತು. ತಲೆಕಟ್ಟು ತೆಲುಗಿನದಾದರೂ ಆಗಲಿ, ಶಾರದಾ ಬರುವುದರೊಳಗೆ ಕೆಲಸ ಮುಗಿಸಿಟ್ಟರೆ ಎಷ್ಟು ಹಿಗ್ಗುತ್ತಾಳೆ! ಮುಟ್ಟಬಾರದು ಎಂಬ ಆಜ್ಞೆ ನೆನಪಿತ್ತು. ಆದರೆ ನನ್ನ ನೆನಪನ್ನು ನಾನು ನಂಬುವುದಿಲ್ಲವಲ್ಲ.

ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಮೆಷಿನ್ನಿಗೆ ಚುಚ್ಚಿ ಹಸಿರು ಗುಂಡಿ ಒತ್ತಿದೆ. ಮೆಷಿನ್ ಟಕಟಕ ಶುರುವಾಯಿತು. ಮೊದಲು ಹಳದಿ ದಾರದಲ್ಲಿ ಒಂದು ತ್ರಿಕೋನ ಮೂಡಿತು. ಗೋಪುರ, ಶುಭ. ಅದರ ನಡುವೆ ಒಂದು ಕಂಬ, ಕೆಳಗೊಂದು ಚುಕ್ಕೆ. ದೀಪದ ಕಂಬ, ಇನ್ನೂ ಶುಭ. ಆಮೇಲೆ ಇಂಗ್ಲಿಷಿನ 'ಪಿ' ಬಂತು.

ಹುಡುಗಿಯ ಹೆಸರು ಸುಮಾ ಎಂದು ನನ್ನ ನೆನಪು. ಆದರೆ ಅದೇ ನೆನಪು ತಾನೇ ಇಲ್ಲದ ಡ್ರೈವನ್ನು ಬೆಳಿಗ್ಗೆ ಇದೆ ಎಂದದ್ದು? ಪಾರ್ವತಿ ಇರಬಹುದು. 'ಎಲ್' ಬಂತು. ಪಲ್ಲವಿ ಇರಬಹುದು, ಈಗಿನವರು ಸ್ಪೆಲ್ಲಿಂಗನ್ನು ಹೇಗೆ ಬೇಕಾದರೂ ಬರೆಯುತ್ತಾರೆ. 'ಇ' ಬಂತು, 'ಎ' ಬಂತು. ವಿಚಾರವಂತನಾಗಿ ತಾಳ್ಮೆಯಿಂದ ಕಾದೆ. ಪದ ಪೂರ್ತಿಯಾದಾಗ ಮಾತ್ರ, ಪ್ಲೀಸ್ ಎಂಬ ಹೆಸರಿನ ಹೆಣ್ಣು ಕುರುಗೋಡಿನಲ್ಲಿ ಹುಟ್ಟಿರಲಾರಳು ಎಂಬ ಖಚಿತ ಜ್ಞಾನ ಉಂಟಾಯಿತು.

ನಿಲ್ಲಿಸುವ ಗುಂಡಿ ಹುಡುಕಿದೆ. ಒತ್ತಿದ್ದು ವೇಗ ಹೆಚ್ಚಿಸುವ ಗುಂಡಿ! ಮೆಷಿನ್ ಉಳಿದದ್ದನ್ನು ಇನ್ನಷ್ಟು ಉತ್ಸಾಹದಿಂದ ಹೊಲಿದು, ಕೊನೆಗೆ ಒಂದು ಚೌಕದೊಳಗೆ 'ಓಕೆ' ಎಂದೂ ಬರೆದು ನಿಂತಿತು. ನಾನು ಕಳಿಸಿದ ಪರದೆಯ ಫೋಟೊದಲ್ಲಿ ರಾಮಾಂಜಿ ಒಂದು ಗೆರೆಯನ್ನೂ ಬಿಟ್ಟಿರಲಿಲ್ಲ.

ಶಾರದಾ ಬಂದಳು. ಬಟ್ಟೆ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ, ಅಲ್ಲೇ ಸ್ಟೂಲಿನ ಮೇಲೆ ಕೂತಳು. "ನಾಳಿ ಅವರು ಬರ್ತಾರ್ರೀ" ಎಂದಷ್ಟೇ ಹೇಳಿದಳು. ಅದಕ್ಕಿಂತ ಆ ಗಟ್ಟಿ ಪೆಟ್ಟನ್ನು ನನಗೇ ಕೊಟ್ಟಿದ್ದರೆ ಚೆನ್ನಾಗಿತ್ತು. ಹೊಲಿಗೆ ಬಿಚ್ಚೋಣವೇ ಎಂದೆ. ಬಿಚ್ಚಿದರೆ ರೇಷ್ಮೆಯ ತುಂಬ ತೂತು ಉಳಿಯುತ್ತದಂತೆ.

ಬಹಳ ಹೊತ್ತು ಬಟ್ಟೆಯನ್ನೇ ನೋಡುತ್ತಿದ್ದವಳು ಎದ್ದು ಕತ್ತರಿ ತಂದಳು. ತ್ರಿಕೋನ, ಪ್ಲೀಸ್, ಓಕೆ ಎಲ್ಲ ಸೇರುವಂತೆ ಸುತ್ತ ಒಂದು ದುಂಡನೆಯ ಗೆರೆ ಎಳೆದು ಕತ್ತರಿಸಿಬಿಟ್ಟಳು. ಬೆನ್ನಿನ ನಡುವೆ ದೊಡ್ಡ ಕಿಟಕಿ. ಅದರ ಅಂಚಿಗೆಲ್ಲ ಜರಿ ಕಟ್ಟಿ, ಮೇಲೆ ಕುಚ್ಚು ಇಳಿಬಿಟ್ಟಳು. ಹೆಸರುಗಳನ್ನು ತೋಳಿನ ಮೇಲೆ ಕೈಯಿಂದಲೇ ಹೊಲಿದಳು. ಸೂಜಿಗೆ ದಾರ ಪೋಣಿಸುವ ಕೆಲಸವನ್ನೂ ನನಗೆ ಕೊಡಲಿಲ್ಲ.

ಬೆಳಿಗ್ಗೆ ಬಸಮ್ಮನವರು ಮಗಳೊಂದಿಗೆ ಬಂದರು. ಬ್ಲೌಸನ್ನು ತಿರುಗಿಸಿ, ಕಿಟಕಿಯೊಳಗೆ ಕೈ ಹಾಕಿ ನೋಡಿದರು. ಶಾರದಾ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ನಾನು ಬಾಗಿಲ ಹಿಂದೆ.

"ನಡುವ ನವಿಲು ಹೇಳಿದ್ನಲ್ಲವಾ?" ಎಂದರು ಬಸಮ್ಮನವರು.

"ಈಗ ಹಿಂಗ ಕಿಟಕಿ ಬಿಡೋದ ಚಂದ ಕಾಣ್ತೈತಿರಿ ಅಮ್ಮಾ" ಎಂದಳು ಶಾರದಾ.

ಸುಮಾ ಅಷ್ಟರಲ್ಲಿ ಕನ್ನಡಿಯ ಮುಂದೆ ಹೋಗಿ ಬೆನ್ನಿಗೆ ಹಿಡಿದು ನೋಡಿಕೊಂಡು, ಇದನ್ನು ಕೊಡುವುದೇ ಇಲ್ಲ ಎನ್ನುವಂತೆ ಎದೆಗೆ ಅವಚಿಕೊಂಡಳು. ಬಸಮ್ಮನವರು ಮಗಳ ಮುಖ ನೋಡಿದರು. "ಇರ್ಲಿ ಬಿಡು. ಸಿರುಗುಪ್ಪದಾಗ ಶೆಕಿ ಬಾಳ, ಜಂಪರಿಗೆ ಗಾಳಿ ಆಡಿದ್ರ ಚಲೋನ" ಎಂದರು. ಕುರುಗೋಡು ಒಪ್ಪಿತು!

ಮದುವೆ ಮುಗಿಯುವುದರೊಳಗೆ ಸುಮಾಳ ಚಿಕ್ಕಮ್ಮನ ಮಕ್ಕಳೆಲ್ಲ ಅದೇ ಕಿಟಕಿ ಬ್ಲೌಸ್ ಬೇಕೆಂದು ಫೋನು ಮಾಡತೊಡಗಿದರು. ಹೊಸ ಮಾದರಿಯ ಮೂಲಪುರುಷ ನಾನೇ ಎಂಬ ಭಾವನೆ ನನ್ನಲ್ಲಿ ಮೆಲ್ಲಗೆ ತಲೆಯೆತ್ತಿತ್ತು. ಮುಂದಿನ ಕೋಣೆಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಈ ಸಲ ಏನಾದರೂ ಸಹಾಯ ಬೇಕೇ ಎಂದು ಕೇಳಿದೆ.

ಶಾರದಾ ಫೋನನ್ನು ಕಿವಿಯಿಂದ ತೆಗೆಯದೆ ಗಿರಾಕಿಗೆ ಹೇಳಿದಳು: "ಹಂಗ ಬರಾಂಗಿಲ್ಲವಾ. ಅದಕ್ಕಿಂತ ಒಂದೀಟು ಸಣ್ಣ ಕಿಟಕಿ ಬಿಡ್ತೀನಿ. ಅವತ್ತು ದೊಡ್ಡದ ಆಗಿತ್ತು, ನಮ್ಮ ಮನಿಯವರು ಮನ್ಯಾಗಿದ್ರು."