ದಿಬ್ಬಣಕ್ಕೆ ಯಾವ ತಳಬಣ್ಣ?

ಬೆರಳುದ್ದದ ಗೊಂಬೆಗಳಿಗೆ ಯಾವ ಪ್ರೈಮರ್ ಹೊಡೆಯುವುದೆಂದು ಪ್ರಸನ್ನ ಒಬ್ಬನೇ ತೀರ್ಮಾನಿಸಿದ್ದರೆ ಈ ಫಜೀತಿಯೇ ಆಗುತ್ತಿರಲಿಲ್ಲ.

ಜಾಲಹಳ್ಳಿಯ ಅವನ ಮನೆಯ ತಾರಸಿಯಲ್ಲಿ ಹಳೇ ಪೇಪರಿನ ಮೇಲೆ ಮದುವೆ ದಿಬ್ಬಣವೇ ನಿಂತಿತ್ತು. ಮದುಮಕ್ಕಳು, ಓಲಗದವರು, ಸೌಟು ಹಿಡಿದ ಅಡುಗೆಭಟ್ಟರು. ಪೀಣ್ಯದ ಗೆಳೆಯನೊಬ್ಬ ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿಕೊಟ್ಟಿದ್ದ. ಹೋದ ದಸರಾಕ್ಕೆ ಹೆಂಡತಿ ರಾಣಿ ಅವನ ಗೊಂಬೆಗಳನ್ನು ಗೊಂಬೆ ಕೂರಿಸುವ ಮೆಟ್ಟಿಲುಗಳ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ಇಟ್ಟಿದ್ದಳು. ಆ ಸಂಕಟ ಇನ್ನೂ ಆರಿರಲಿಲ್ಲ.

"ಸಂಜೆ ಹೆಂಗಸರು ಕುಂಕುಮಕ್ಕೆ ಬರ್ತಾರೆ. ಅಷ್ಟರೊಳಗೆ ಮುಗಿಸಿದ್ರೆ ಪಟ್ಟದ ಗೊಂಬೆ ಪಕ್ಕದ ಜಾಗ ನಿಮ್ದು," ಎಂದಿದ್ದಳು ಈ ಸಲ. "ಇಲ್ಲಾಂದ್ರೆ ನಮ್ಮಮ್ಮನ ಮನೆ ಗೊಂಬೆ ಇಡ್ತೀನಿ."

ಗೊಂಬೆಗಳ ನೆರಿಗೆಗಳಲ್ಲಿ ನೆರಳು ಚೆನ್ನಾಗಿ ಕಾಣಲೆಂದು ಪ್ರಸನ್ನ ಮೊದಲು ಕಪ್ಪು ತಳಬಣ್ಣ ಹೊಡೆದ. ಬಟ್ಟೆ ಒಣಹಾಕಲು ಬಂದ ರಾಣಿ, "ಮದುವೆ ದಿಬ್ಬಣಕ್ಕೆ ಕಪ್ಪಾ? ಬುದ್ಧಿ ಇದೆಯೇನ್ರೀ?" ಎಂದಳು. ಅದರ ಮೇಲೆ ಬಿಳಿ ಹೊಡೆದ. ಕಪ್ಪು ಇಣುಕಿತು. ಮತ್ತೊಮ್ಮೆ ಹೊಡೆದ.

ಪಕ್ಕದ ಮನೆಯ ಲಕ್ಷ್ಮಣಪ್ಪ ಅಷ್ಟರಲ್ಲಿ ತಾರಸಿಗೆ ಬಂದರು. ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ದುಡಿದು ನಿವೃತ್ತರಾದವರು.

"ಬಿಳಿ ನಿಲ್ಲಲ್ಲ ಕಣ್ರೀ. ರೆಡ್ ಆಕ್ಸೈಡ್ ಹೊಡೀರಿ!"

"ಸಾರ್, ಅದು ಗೇಟಿಗೆ. ಇವು ಪ್ಲಾಸ್ಟಿಕ್, ತುಕ್ಕು ಹಿಡಿಯಲ್ಲ."

"ಹಿಡಿದ ಮೇಲೆ ಹೊಡೆದು ಏನ್ ಪ್ರಯೋಜನ?"

ಪ್ರಸನ್ನ ತಡೆಯುವಷ್ಟರಲ್ಲಿ ಅವರು ತಮ್ಮ ಮನೆಯ ಗೇಟಿಗೆ ಬಳಿದು ಉಳಿದಿದ್ದ ಕೆಮ್ಮಣ್ಣು ಬಣ್ಣದ ರೆಡ್ ಆಕ್ಸೈಡ್ ಡಬ್ಬ ತಂದು, ಮದುಮಗಳಿಂದ ಹಿಡಿದು ಭಟ್ಟರವರೆಗೆ ಎಲ್ಲರನ್ನೂ ಅದರಲ್ಲಿ ಮುಳುಗಿಸಿ, ಮಧ್ಯಾಹ್ನದ ನಿದ್ದೆಗೆ ಹೋದರು.

ಒಣಗುವ ಹೊತ್ತಿಗೆ ಸಂಜೆಯಾಗಿತ್ತು. ಯಾರಿಗೂ ಮೂಗಿಲ್ಲ, ಕಣ್ಣಿಲ್ಲ. ದಿಬ್ಬಣವೆಲ್ಲ ಸಾಲಾಗಿಟ್ಟ ಖರ್ಜೂರದ ಹಾಗಿತ್ತು. ಈ ವರ್ಷವೂ ಹೋಯಿತೆಂದು ಪ್ರಸನ್ನನಿಗೆ ಅಳುವೇ ಬಂತು. ಎಲ್ಲವನ್ನೂ ಒಂದು ತಟ್ಟೆಯಲ್ಲಿ ತಂದು ರಾಣಿಯ ಮುಂದಿಟ್ಟು ಸ್ನಾನಕ್ಕೆ ಹೋದ.

ಹೊರಬಂದು ನೋಡಿದರೆ ಅವನ ದಿಬ್ಬಣ ಪಟ್ಟದ ಗೊಂಬೆಯ ಪಕ್ಕದಲ್ಲೇ ಇತ್ತು! ಸುತ್ತ ಹೆಂಗಸರು. ಅವನ ಎದೆ ತುಂಬಿ ಬಂತು.

ಲಕ್ಷ್ಮಣಪ್ಪನವರ ಹೆಂಡತಿ ಅನುಸೂಯಮ್ಮ ಕನ್ನಡಕ ಸರಿಮಾಡಿಕೊಂಡರು. "ಎಂಥಾ ಹಳೇ ಮಣ್ಣಿನ ಗೊಂಬೆ, ರಾಣಿ! ಮುಟ್ಟಿ ಮುಟ್ಟಿ ಮುಖಾನೇ ಸವೆದೋಗಿದೆ. ಎಲ್ಲೀದು?"

"ನಮ್ಮಜ್ಜಿ ಕಾಲದ್ದು. ಅಮ್ಮನ ಮನೆಯಿಂದ ಬಂತು," ಎಂದಳು ರಾಣಿ, ರೆಪ್ಪೆ ಬಡಿಯದೆ.

ಪ್ರಸನ್ನ ಬಾಯಿ ತೆರೆದ. ಅವಳು ಅವನ ಕೈಗೆ ಕಡಲೆ ಉಸಲಿಯ ಪಾತ್ರೆ ಕೊಟ್ಟಳು.

"ನಿಮ್ಮ ಗೊಂಬೆ ಎಲ್ಲಿ ಪ್ರಸನ್ನ?" ಅನುಸೂಯಮ್ಮ ಕೇಳಿದರು.

ಅವನು ರಾಣಿಯ ಮುಖ ನೋಡಿದ. "ಒಣಗ್ತಾ ಇವೆ," ಎಂದ.

"ನಿಧಾನಕ್ಕೆ ಒಣಗಲಿ ಬಿಡಿ," ಎಂದರು ಅನುಸೂಯಮ್ಮ. " ಆದ್ರೆ ಇವುಗಳ ಪಕ್ಕ ಮಾತ್ರ ಇಡ್ಬೇಡಿ, ಕಳೆ ಕೆಟ್ಟೋಗತ್ತೆ."