ಎರಡು ಗೆರೆ, ಒಂದು ಚುಕ್ಕೆ, ಮತ್ತು ನಮ್ಮ ಚಿಕ್ಕಪ್ಪ

ಈಗಿನ ಸಾಹಸದ ವಿಡಿಯೋ ಗೇಮ್‌ಗಳಲ್ಲಿ ಮೊದಲಿನ ಸ್ವಾರಸ್ಯ ಉಳಿದಿಲ್ಲ ಎಂದು ಯಾರಾದರೂ ಗೊಣಗಿದರೆ ನನಗೆ ನಗು ಬರುತ್ತದೆ. ಈ ಮಾತನ್ನು ನಮ್ಮ ಚಿಕ್ಕಪ್ಪ ಎಂಬತ್ತರ ದಶಕದಲ್ಲೇ, ಗೇಮ್‌ಗಳು ಇನ್ನೂ ಅಂಬೆಗಾಲಿಡುತ್ತಿದ್ದಾಗಲೇ, ರಾಜಾಜಿನಗರದ ವಠಾರದಲ್ಲಿ ಕೂತು ಘೋಷಿಸಿಬಿಟ್ಟಿದ್ದರು. ಇಡೀ ಜಗತ್ತಿಗಿಂತ ಮೊದಲು ಬೇಸರಪಟ್ಟುಕೊಂಡ ಹಿರಿಮೆ ಅವರದು!

ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರಿಗೆ ವಿಡಿಯೋ ಗೇಮ್ ಎಲ್ಲಿಂದ ಬಂತು ಅಂತೀರಾ? ಚಿಕ್ಕಮ್ಮನ ತಮ್ಮ ದುಬೈಯಿಂದ ತಂದುಕೊಟ್ಟಿದ್ದ. ಟೀವಿಗೆ ಸಿಕ್ಕಿಸಿದರೆ ಪರದೆಯ ಆಚೆಗೊಂದು ಈಚೆಗೊಂದು ಗೆರೆ, ನಡುವೆ ಒಂದು ಚುಕ್ಕೆ. ನಾಬ್ ತಿರುಗಿಸಿ ಗೆರೆಯನ್ನು ಮೇಲೆ ಕೆಳಗೆ ಆಡಿಸುತ್ತ ಚುಕ್ಕೆಯನ್ನು ಹೊಡೆಯಬೇಕು. ಅಷ್ಟೇ! ಒಂದು ನಾಬ್ ಚಿಕ್ಕಪ್ಪನದು, ಇನ್ನೊಂದು ಚಿಕ್ಕಮ್ಮನದು.

ಟೈಫಾಯಿಡ್ ಬಂದು ಹೋದ ಮೇಲೆ ಚಿಕ್ಕಮ್ಮನಿಗೆ ಕಿವಿ ಕೇಳುತ್ತಿರಲಿಲ್ಲ. ರೇಡಿಯೋ ಬಿಟ್ಟರು, ಸಿನಿಮಾ ಬಿಟ್ಟರು, ಅಡುಗೆಮನೆ ಸೇರಿದರೆ ಈಚೆ ಬರುವುದನ್ನೂ ಬಿಟ್ಟರು. ಈ ಆಟಕ್ಕೆ ಕಿವಿ ಬೇಕಿರಲಿಲ್ಲ. ಸಂಜೆ ಚಿಕ್ಕಪ್ಪ ಕೈಕಾಲು ತೊಳೆದು ಬಂದರೆ ಇಬ್ಬರೂ ಚಾಪೆಯ ಮೇಲೆ ಹಾಜರು. ಸೋತ ದಿನ ಚಿಕ್ಕಪ್ಪ ನಲ್ಲಿಯ ಹತ್ತಿರ ನಿಂತು ವಠಾರಕ್ಕೆಲ್ಲ ವರದಿ ಒಪ್ಪಿಸುತ್ತಿದ್ದರು. ದಿನಾ ಸೋಲುತ್ತಿದ್ದರು ಅನ್ನಿ.

ಎಲ್ಲ ಕೆಟ್ಟಿದ್ದು ಆಯುಧಪೂಜೆಯ ದಿನ. ಕಾರ್ಖಾನೆಯಲ್ಲಿ ಲೇತ್‌ಗೆ ಪೂಜೆ ಮಾಡಿ ಬಂದ ಚಿಕ್ಕಪ್ಪನಿಗೆ ಮನೆಯ ಯಂತ್ರಕ್ಕೆ ಅನ್ಯಾಯವಾಗುತ್ತಿದೆ ಅನ್ನಿಸಿತು. ಗೇಮಿನ ಡಬ್ಬಕ್ಕೆ ವಿಭೂತಿ ಪಟ್ಟೆ, ಸೇವಂತಿಗೆ ಹೂವು, ಮಂಗಳಾರತಿ! ಟೀವಿಯ ಮುಂದೆ ಬೂದುಗುಂಬಳಕಾಯಿ ಒಡೆಯಲು ಹೊರಟವರನ್ನು ನಾವೇ ಹಿಡಿದು ನಿಲ್ಲಿಸಬೇಕಾಯಿತು. ಅಷ್ಟರಲ್ಲಿ ಧಾರಾಳವಾಗಿ ಹಚ್ಚಿದ್ದ ಒದ್ದೆ ಕುಂಕುಮ ಚಿಕ್ಕಮ್ಮನ ನಾಬಿನ ಸಂದಿಗೆ ಇಳಿದಿತ್ತು. ಕೆಳಗೆ ಕೂತ ಅವರ ಗೆರೆ ಮತ್ತೆ ಮೇಲೇಳಲೇ ಇಲ್ಲ. ವಿಜಯನಗರದ ರಿಪೇರಿಯವನು ಡಬ್ಬ ಬಿಚ್ಚಿ ನೋಡಿ, "ಸಾರ್, ಇದನ್ನ ದೇವರ ಮನೇಲೇ ಇಟ್ಬಿಡಿ," ಎಂದು ಕೈಮುಗಿದ.

ಸುದ್ದಿ ತಿಳಿದ ಭಾವಮೈದುನ ಮುಂದಿನ ರಜೆಗೆ ಬರುವಾಗ ಹೊಸ ಗೇಮ್ ತಂದ. ಬಣ್ಣದ ಕಾಡು, ಅದರೊಳಗೆ ಓಡುವ ಒಬ್ಬ ಸಾಹಸಿ, ಹಳ್ಳ, ಹಾವು, ನಿಧಿ! ಕಾಲೇಜಿನಿಂದ ನೇರ ಅಲ್ಲಿಗೇ ಓಡುತ್ತಿದ್ದ ನನಗೆ ಸ್ವರ್ಗಕ್ಕೆ ಮೂರೇ ಗೇಣು. ಚಿಕ್ಕಪ್ಪ ಮಾತ್ರ ಮೂಗು ಮುರಿದರು.

"ಕಾಡಿಗೆ ಒಬ್ನೇ ಹೊರಟಿದಾನಲ್ಲ, ಮನೇಲಿ ಹೇಳಿ ಬಂದಿದಾನೇನೋ ಇವ್ನು?"

"ಸಾಹಸ ಅಂದ್ರೆ ಹಾಗೇ ಚಿಕ್ಕಪ್ಪ."

"ನಿಧಿ ಸಿಕ್ತು ಅಂತಿಟ್ಕೋ. ಯಾರಿಗೆ ತೋರಿಸ್ತಾನೆ?"

ನಾನು ಮಾತು ತಿರುಗಿಸಿದೆ. ಬಣ್ಣವನ್ನು ಹೊಗಳಿದೆ, ಹಾವನ್ನು ಹೊಗಳಿದೆ. ಹಾವಿಗಿಂತ ಆ ಚುಕ್ಕೆಯೇ ಚೆನ್ನಾಗಿ ಓಡುತ್ತಿತ್ತು ಎಂದುಬಿಟ್ಟರು. ನೀವು ಹಳೇ ಕಾಲದವರು ಎಂದು ರೇಗಿಸಿದೆ. ಆಗ ಅವರು ಡಬ್ಬದ ಸುತ್ತ ಕೈಯಾಡಿಸಿ, ಅಡುಗೆಮನೆಯ ಕಡೆ ನೋಡಿ ಕೇಳಿದರು: "ಇನ್ನೊಂದು ಹ್ಯಾಂಡಲ್ ಎಲ್ಲೋ?"

ಇರಲಿಲ್ಲ. ಸಾಹಸಿಯನ್ನು ಓಡಿಸುವುದಕ್ಕೆ ಇದ್ದದ್ದು ಒಂದೇ ಹ್ಯಾಂಡಲ್, ಅದರ ಪಕ್ಕ ನೆಗೆಯುವುದಕ್ಕೊಂದು ಕೆಂಪು ಬಟನ್. ಒಳಗೆ ಚಿಕ್ಕಮ್ಮ ಅಕ್ಕಿ ಆರಿಸುತ್ತ ಕೂತಿದ್ದರು. ನನ್ನ ಉತ್ಸಾಹ ಅಲ್ಲಿಗೇ ಇಳಿಯಿತು.

ಕೆಲವು ದಿನ ಬಿಟ್ಟು, ಅಮ್ಮ ಕೊಟ್ಟ ಹುಳಿಯ ಪಾತ್ರೆ ಹಿಡಿದು ಹೋದೆ. ಬಾಗಿಲು ತೆರೆದಿತ್ತು. ಚಾಪೆಯ ಮೇಲೆ ಇಬ್ಬರೂ! ನಡುವೆ ಡಬ್ಬ. ಹ್ಯಾಂಡಲ್ ಚಿಕ್ಕಪ್ಪನ ಕೈಯಲ್ಲಿ, ಕೆಂಪು ಬಟನ್ ಮೇಲೆ ಚಿಕ್ಕಮ್ಮನ ಬೆರಳು. ಓಡಿಸುವವರು ಇವರು, ನೆಗೆಸುವವರು ಅವರು. ಹಳ್ಳ ಬಂತೆಂದು ಕೂಗಿದರೆ ಚಿಕ್ಕಮ್ಮನಿಗೆ ಕೇಳಿಸದಲ್ಲ? ಅದಕ್ಕೇ ಚಿಕ್ಕಪ್ಪ ಅವರ ಮೊಣಕಾಲಿನ ಮೇಲೆ ಮೆಲ್ಲಗೆ ತಟ್ಟುತ್ತಿದ್ದರು. ಇವರು ತಟ್ಟಿ ಅವರು ಒತ್ತುವಷ್ಟರಲ್ಲಿ ಸಾಹಸಿ ಹಳ್ಳದ ಪಾಲು. ಚಿಕ್ಕಮ್ಮ ಇಡೀ ವಠಾರಕ್ಕೆ ಕೇಳುವಂತೆ ನಗುತ್ತಿದ್ದರು. ಆಯುಧಪೂಜೆಯಿಂದೀಚೆಗೆ ಆ ನಗುವನ್ನು ನಾವು ಕೇಳಿಯೇ ಇರಲಿಲ್ಲ.

ಚಿಕ್ಕಮ್ಮನ ಕಣ್ಣು ಚೆನ್ನಾಗಿಯೇ ಇದೆ, ಹಳ್ಳ ಅವರಿಗೂ ಕಾಣುತ್ತದೆ, ತಟ್ಟುವುದೇಕೆ ಎಂದು ಕೇಳಬೇಕೆನಿಸಿತು. ಈಗ ಗೇಮ್ ಹೇಗಿದೆ ಎಂದಷ್ಟೇ ವಿಚಾರಿಸಿದೆ.

"ಗೇಮಲ್ಲಿ ಏನೂ ಇಲ್ಲ ಕಣೋ," ಎಂದು ಚಿಕ್ಕಪ್ಪ ಮತ್ತೆ ಚಿಕ್ಕಮ್ಮನ ಮೊಣಕಾಲು ತಟ್ಟಿದರು. ಪರದೆಯ ಮೇಲೆ ಆಗ ಹಳ್ಳವೇ ಇರಲಿಲ್ಲ.